ಆಡು ಮುಟ್ಟದ ಸೊಪ್ಪು

ನಮ್ಮ ಗುಡ್ಡದ ಮೇಲೆ ಆಡುಗಳಿಗೂ ಒಂದು ಶಾಲೆಯಿತ್ತು; ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಒಂದು ದಿನ ಮೂರು ಮರಿಗಳು ಶಾಲೆಯ ಬೇಲಿ ಮರೆಯಲ್ಲಿ ಹೊಗೆಸೊಪ್ಪು ಮುಂದಿಟ್ಟುಕೊಂಡು ನಿಂತಿದ್ದವು.

“ತಿಂದವನು ಗಂಡು, ಬಿಟ್ಟವನು ಹೇಡಿ” ಎಂದಿತು ದೊಡ್ಡ ಮರಿ. ಚಿಕ್ಕದು ಬಾಯೇನೋ ತೆರೆಯಿತು, ಆದರೆ ಸೊಪ್ಪಿಗೆ ಬಾಯಿ ಹಾಕಲಿಲ್ಲ.

ಅಷ್ಟರಲ್ಲಿ ಗಡ್ಡದ ಮುದಿ ಹೋತ ಆ ದಾರಿಯಲ್ಲಿ ಬಂತು.

“ತಾತಾ, ನೀವು ಮುಟ್ಟದ ಸೊಪ್ಪೇ ಇಲ್ಲವಂತಲ್ಲ, ಇದನ್ನು ತಿಂದು ತೋರಿಸಿ!” ಎಂದಿತು ದೊಡ್ಡದು.

“ಮುಳ್ಳುಬೇಲಿ ತಿಂದಿದ್ದೇನೆ, ಮೇಷ್ಟರ ಹಾಜರಿ ಪುಸ್ತಕವನ್ನೂ ತಿಂದಿದ್ದೇನೆ. ಇದನ್ನು ಮಾತ್ರ ಮೂಸಿ ನೋಡಿ ತಿನ್ನದೆ ಬಿಟ್ಟೆ. ಬೇಕಾದರೆ ಹೇಡಿ ಅನ್ನಿ.”

“ಹಾಗಾದರೆ ನಾನೂ ಹೇಡಿಯೇ!” ಎಂದು ಚಿಕ್ಕ ಮರಿ ಹಿಂದೆ ಸರಿಯಿತು. ಎರಡನೆಯದೂ ಸರಿಯಿತು.

ಎಲ್ಲರಿಗಿಂತ ಜೋರಾಗಿ ಉಸಿರುಬಿಟ್ಟದ್ದು ದೊಡ್ಡ ಮರಿ: “ಯಾರಾದರೊಬ್ಬರು ಬೇಡ ಅನ್ನಲಿ ಅಂತ ಬೆಳಗಿನಿಂದ ಕಾಯುತ್ತಿದ್ದೆ ಕಣ್ರೋ!”