ಗುಂಡುಕಲ್ಲಿನ ಶಿಷ್ಯ

ಗರಡಿಮನೆಯ ಗುಂಡುಕಲ್ಲಿಗೆ ಮೊಲದ ಮೇಲೆ ಬಲು ಅಕ್ಕರೆ. ದಿನಾ ಬೆಳಿಗ್ಗೆ ತನ್ನನ್ನು ಎದೆಗವಚಿ ಎತ್ತುವ ಆ ಪುಟ್ಟ ಬಾಕ್ಸರ್‌ನ ತೋಳು ಗಟ್ಟಿಯಾಗುತ್ತಾ ಬಂದದ್ದು ಅದಕ್ಕಲ್ಲದೆ ಇನ್ಯಾರಿಗೆ ಗೊತ್ತು? ಅದೇ ಗರಡಿಯ ಇನ್ನೊಬ್ಬ ಬಾಕ್ಸರ್ ಮುಂಗುಸಿ ಮಾತ್ರ ಮೊಲವನ್ನು ನೋಡಿ ನಗುತ್ತಿತ್ತು. "ಕಲ್ಲು ಹೊತ್ತವನ ಕೈ ಮಂದವಾಗುತ್ತದೆ ಕಣಯ್ಯಾ. ಬಾಕ್ಸಿಂಗಿಗೆ ಬೇಕಾದದ್ದು ಚುರುಕು."

ಕೊನೆಗೆ ಮೊಲ, ಮುಂಗುಸಿಗಳ ನಡುವೆಯೇ ಪಂದ್ಯ ನಿಗದಿಯಾಯಿತು. ಆ ದಿನ ಮೊಲ ಕಲ್ಲನ್ನು ಹೆಗಲ ಮೇಲೆ ಹೊತ್ತೇ ಅಖಾಡಕ್ಕೆ ಬಂತು. ಹೆಸರು ಕೂಗುವವರೆಗೂ ಎತ್ತಿ ಇಳಿಸುತ್ತಲೇ ಇತ್ತು. ಸಾಕು ಎನ್ನಬೇಕೆನಿಸಿದರೂ ಹೆಮ್ಮೆ ಕಲ್ಲಿನ ಬಾಯಿ ಕಟ್ಟಿತು.

ಮೊದಲ ಸುತ್ತಿನಲ್ಲಿ ಮೊಲದ ಕೈ ಮೇಲೇಳಲೇ ಇಲ್ಲ. ಮುಂಗುಸಿ ಅದರ ಮೂಗನ್ನು ಗುದ್ದಿ ಗುದ್ದಿ ಕೆಂಪಾಗಿಸಿತು. ಬಿಡುವಿನಲ್ಲಿ ಮೊಲ ಓಡಿಬಂದು ಮತ್ತೆ ಕಲ್ಲಿಗೇ ಕೈ ಹಾಕಿತು. "ಇನ್ನು ನಾಲ್ಕು ಸಲ ಎತ್ತಿದರೆ ಬಲ ಬಂದೀತು!"

ಕಲ್ಲಾದರೂ ಅದರ ಕರುಳು ಚುರ್ರೆಂದಿತು. "ಬಲ ಆಗಲೇ ನಿನ್ನೊಳಗಿದೆ, ಮಗಾ. ನೀನೇ ಅದನ್ನು ದಣಿಸುತ್ತಿದ್ದೀಯ. ನನ್ನನ್ನು ಬಿಡು. ನನ್ನ ಮೇಲೆ ಕೂತು ಸುಧಾರಿಸಿಕೋ."

ಮೊಲ ಕೂತು ಉಸಿರೆಳೆದುಕೊಂಡಿತು. ಎರಡನೇ ಸುತ್ತಿನಲ್ಲೂ ಏಟು ತಿಂದಿತು. ಮೂರನೆಯದಕ್ಕೆ ಮುಂಚೆಯೂ ಕಲ್ಲಿನ ಮೇಲೆ ಕೂತೇ ಎದ್ದಿತು. ಈ ಸಲ ತೋಳು ಹಗುರಾಗಿ ಹಾರಿತು. ಮುಂಗುಸಿ ಮಣ್ಣು ಮುಕ್ಕಿತು.

ಪಂದ್ಯ ಮುಗಿದ ಮೇಲೆ ದವಡೆ ನೀವಿಕೊಳ್ಳುತ್ತಾ ಮುಂಗುಸಿ, ಮೊಲ ಕೂತಿದ್ದ ಕಲ್ಲಿನ ಬಳಿಗೆ ಬಂತು. "ನಿನ್ನನ್ನು ಎತ್ತುವುದು ಹೇಗೆಂದು ನನಗೂ ಕಲಿಸುತ್ತೀಯಾ?"

"ಎತ್ತುವುದನ್ನು ಇವನೇ ಕಲಿಸುತ್ತಾನೆ," ಎಂದಿತು ಕಲ್ಲು. "ಇಳಿಸುವುದನ್ನು ನಾನು ಕಲಿಸುತ್ತೇನೆ."