ಅಂಗಡಿ ಬಾಗಿಲಲ್ಲಿ ಕೂತ ಮುಂಗುಸಿ

ಮುಂಗುಸಿಯೊಂದು ನರಿಯ ಅಂಗಡಿಯಲ್ಲಿ ಆಟಕ್ಕೆಂದೇ ಹೇಳಿ ಮಾಡಿಸಿದ ಕಂಪ್ಯೂಟರ್ ಕೊಂಡಿತು. ತನ್ನ ಚುರುಕಿಗೆ ತಕ್ಕ ವೇಗ ಬೇಕೆಂದು ಒಂದೊಂದು ಬಿಡಿಭಾಗವನ್ನೂ ತಾನೇ ಆರಿಸಿತ್ತು. ಮನೆಗೆ ತಂದು ಆಡಲು ಕೂತರೆ, ಪರದೆಯ ಮೇಲಿನ ಹಾವು ಹೆಡೆ ಎತ್ತಿದ ಕೂಡಲೇ ಯಂತ್ರ ಉಸಿರು ನಿಲ್ಲಿಸುತ್ತಿತ್ತು.

ಫೋನ್ ಮಾಡಿದರೆ ಅಂಗಡಿಯ ಗಿಳಿ ಎತ್ತಿಕೊಂಡಿತು. "ನಿಮ್ಮ ಕರೆ ನಮಗೆ ಅಮೂಲ್ಯ. ಒಮ್ಮೆ ಆಫ್ ಮಾಡಿ ಆನ್ ಮಾಡಿ."

"ಮಾಡಿ ಮಾಡಿ ಗುಂಡಿಯೇ ಸವೆದುಹೋಯಿತು!" ಎಂದಿತು ಮುಂಗುಸಿ.

"ನೀವು ಸರದಿಯಲ್ಲಿದ್ದೀರಿ. ದಯವಿಟ್ಟು ಕಾಯಿರಿ," ಎಂದು ಗಿಳಿ ಸಂಗೀತ ಹಚ್ಚಿತು. ಸಂಜೆಗೆ ಸಂದೇಶ ಬಂತು: "ನಿಮ್ಮ ದೂರು ಬಗೆಹರಿದಿದೆ. ಐದು ಸ್ಟಾರ್ ಕೊಡಿ."

ಮುಂಗುಸಿಗೆ ಮೈಯೆಲ್ಲ ಉರಿದುಹೋಯಿತು. ಹಾವಿಗೇ ಹೆದರದ ಪ್ರಾಣಿ ಗಿಳಿಪಾಠಕ್ಕೆ ಹೆದರೀತೆ? ಕಂಪ್ಯೂಟರನ್ನು ಹೊತ್ತು ತಂದು, ಅಂಗಡಿಯ ಬಾಗಿಲಲ್ಲೇ ಇಟ್ಟು, ಅಂಗಡಿಯದೇ ಪ್ಲಗ್ಗಿಗೆ ಸಿಕ್ಕಿಸಿ ಕೂತಿತು. ಕೊಳ್ಳಲು ಬಂದ ಮೊಲಕ್ಕೆ, "ನಾನೇನೂ ಹೇಳುವುದಿಲ್ಲ. ನೀವೇ ಒಂದು ಆಟ ಆಡಿ ನೋಡಿ," ಎಂದಿತು. ಮೊಲ ಆಡಿತು, ಹಾವು ಹೆಡೆ ಎತ್ತಿತು, ಪರದೆ ಕಪ್ಪಾಯಿತು. ಮೊಲ ಅಂಗಡಿಯತ್ತ ತಿರುಗಿಯೂ ನೋಡದೆ ಹೊರಟಿತು. ಆಮೇಲೆ ಬಂದ ಅಳಿಲೂ ಹಾಗೆಯೇ ಹೋಯಿತು.

ಅಲ್ಲಿಯವರೆಗೆ ಮುಖವನ್ನೇ ತೋರಿಸದಿದ್ದ ನರಿ ಒಳಗಿಂದ ಓಡಿಬಂತು. "ಸ್ವಾಮಿ, ನನ್ನ ಮರ್ಯಾದೆ ತೆಗೀಬೇಡಿ! ಎದ್ದು ಒಳಗೆ ಬನ್ನಿ, ಮಾತಾಡೋಣ."

ಮುಂಗುಸಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಆಡಿ ನೋಡಲು ಆಗಲೇ ಕರಡಿಯೊಂದು ಬಂದು ನಿಂತಿತ್ತು.

"ನಿಮ್ಮ ಮಾತು ನನಗೆ ಅಮೂಲ್ಯ," ಎಂದಿತು ಮುಂಗುಸಿ, ನರಿಯ ಕಡೆ ತಿರುಗದೆ. "ನೀವೂ ಸರದಿಯಲ್ಲಿದ್ದೀರಿ. ಕರಡಿಯವರ ಹಿಂದೆ ನಿಲ್ಲಿ."