ಬಿಳಿ ಅಂಗಿಯ ಪಹರೆ

ಗದಗಿನ ಕಬ್ಬಿಣದ ಬೀರು ಕಾರ್ಖಾನೆಯ ಮಾಲೀಕ ಈರನಗೌಡರು ಬೀಗರ ಮನೆಗೆ ಹೊರಟಿದ್ದರು. ಗಂಜಿ ಹಾಕಿದ ಬಿಳಿ ಅಂಗಿಯಲ್ಲೇ ಬಂದು ಪೇಂಟರ್ ದಾವಲಸಾಬನನ್ನು ಗದರಿದರು: “ಸ್ಪ್ರೇ ಗನ್ನಿನ ಗಾಳಿ ಜೋರ್ ಬಿಟ್ಟು ಲಗೂನ ಬಣ್ಣ ಹೊಡಿಯೋ. ಒಂದು ಹನಿ ದಂಡ ಆದ್ರ ನಾಳೆ ಕೆಲಸಕ್ಕ ಬರಬ್ಯಾಡ!”

ದಾವಲಸಾಬನಿಗೆ ಗೊತ್ತಿತ್ತು: ಗಾಳಿ ಜೋರಾದರೆ ಅರ್ಧ ಬಣ್ಣ ಬೀರು ದಾಟಿ ಹಾರುತ್ತದೆ, ಉಳಿದದ್ದು ಸೋರಿ ಇಳಿಯುತ್ತದೆ. ಹಾಗೆಂದು ಬಾಯಿಬಿಟ್ಟ ಹಿಂದಿನ ಪೇಂಟರ್ ಅಂದೇ ಮನೆ ಸೇರಿದ್ದ.

“ಆತ್ರಿ ಗೌಡ್ರ,” ಎಂದ ದಾವಲಸಾಬ. “ಆದ್ರ ದಂಡ ಆಗೂದು ನನ್ನ ಕಣ್ಣಿಗೆ ಕಾಣಂಗಿಲ್ಲ. ನೀವ ಬೀರುವಿನ ಮಗ್ಗಲಕ ನಿಲ್ರಿ. ನಿಮ್ಮ ಅಂಗಿ ಮ್ಯಾಲೆ ಬಿದ್ದದ್ದೆಲ್ಲ ದಂಡ.”

ಆಳುಗಳೆಲ್ಲ ನೋಡುತ್ತಿದ್ದರು. ಗೌಡರು ನಿಲ್ಲಲೇಬೇಕಾಯಿತು. ದಾವಲಸಾಬ ಸ್ಪ್ರೇ ಗನ್ ಎತ್ತಿ ಮೊದಲು ಬರೀ ಗಾಳಿ ಬಿಟ್ಟ. ಅದು ಬುಸ್ಸೆಂದಿತು.

“ತಡಿಯೋ! ಗಾಳಿ ಕಮ್ಮಿ ಮಾಡೋ!” ಗೌಡರು ಚೀರಿದರು.

ಮಾಡಿದ.

“ಇನ್ನೂ ಕಮ್ಮಿ! ಸಾವಕಾಶ! ಅಂಚಿಗೆ ಬಂದಕೂಡ್ಲೆ ಬೆರಳು ಬಿಡೋ ಪುಣ್ಯಾತ್ಮಾ!”

ದಾವಲಸಾಬ ಗೇಣು ದೂರದಿಂದ ಒಂದೇ ಹದದಲ್ಲಿ ಕೈ ಆಡಿಸಿದ. ಬೀರು ಕನ್ನಡಿಯಂತೆ ಹೊಳೆಯಿತು. ಅಂಗಿ ಬೆಳ್ಳಗೇ ಉಳಿಯಿತು.

ಗೌಡರು ಬೆವರು ಒರೆಸಿಕೊಂಡು ಆಳುಗಳತ್ತ ತಿರುಗಿದರು. “ನೋಡಿದ್ರ್ಯಾ? ಹಿಂಗ ಹೊಡೀಬೇಕು. ನಾನ ನಿಂತು ಹೇಳಿಕೊಟ್ಟೀನಿ.”

“ಖರೇ ರೀ,” ಎಂದ ದಾವಲಸಾಬ. “ನಾಳೆನೂ ಬಿಳಿ ಅಂಗೀನ ಹಾಕ್ಕೊಂಡ ಬರ್ರಿ.”